ಸೊಟ್ಟ ಬೆರಳಿನ ಅಚ್ಚು

ಮಳೆಗಾಲಕ್ಕೆ ಇನ್ನು ಎಂಟು ದಿನವೂ ಇರಲಿಲ್ಲ. ಹುಲ್ಲಿನ ಬಣವೆಗೆ, ಕಣದ ರಾಶಿಗೆ, ಲಾರಿಗೆ ಹೊದಿಸುವ ತಾಡಪಾಲುಗಳು ಹೊಲಿಗೆಯವನ ಜಗಲಿಯ ಮೇಲೆ ಸೊಂಟದೆತ್ತರ ಬಿದ್ದಿದ್ದವು. ಅವನು ಮಾತ್ರ ಬೆಳಗಿನಿಂದ ಒಂದು ಗೇಣು ಹೊಲಿಗೆ ಹಾಕಿರಲಿಲ್ಲ. ಅಂಚು ಮಡಿಸುವ ತಗಡಿನ ಕೊಂಬೊಂದನ್ನು ದೊಡ್ಡ ಮಿಷನ್ನಿಗೆ ಬಿಗಿದು, ಬಿಚ್ಚಿ, ಅರದಿಂದ ಉಜ್ಜಿ, ಮತ್ತೆ ಬಿಗಿಯುತ್ತಿದ್ದ. ಇದು ಮೂರನೆಯದು. ನೇರ ಅಂಚಿನಲ್ಲಿ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಎರಡು ಪಟ್ಟಿ ಕೂಡಿಸಿದ ಜೋಡು ಬಂದದ್ದೇ ತಡ, ಬಟ್ಟೆ ಕೊಂಬಿನೊಳಗೆ ಗಂಟಾಗಿ ಕೂತು ಸೂಜಿ ಟಕ್ಕೆಂದು ಮುರಿಯಿತು.

"ಅಣ್ಣಾ, ಮೋಡ ನೋಡಿದ್ಯಾ?" ಅಂಗಳದಲ್ಲಿ ಕಾಯುತ್ತಿದ್ದ ಲಾರಿಯವನು ಕೂಗಿದ. "ಅತ್ತಿಗೆಯ ಬೆರಳು ಇರುವಾಗ ಈ ತಗಡಿನ ಸಹವಾಸ ಯಾಕೆ?"

"ಬೆರಳು ಇರಲಿ ಅಂತಲೇ ಕಣಯ್ಯ ಇಷ್ಟೆಲ್ಲ," ಎಂದ ಹೊಲಿಗೆಯವನು.

ಮಾತು ಸುಳ್ಳಲ್ಲ. ಇಷ್ಟು ವರ್ಷವೂ ದಪ್ಪ ಬಟ್ಟೆಯ ಅಂಚನ್ನು ಎರಡು ಮಡಿಕೆ ಮಾಡಿ ಸೂಜಿಯ ಬಾಯಿಗೆ ಒಪ್ಪಿಸುತ್ತಿದ್ದದ್ದು ಹೆಂಡತಿಯ ಬಲಗೈ ತೋರುಬೆರಳು. ಅವಳು 'ಹೂಂ' ಅಂದ ಮೇಲೆ ಅವನು ಪೆಡಲು ತುಳಿದು ಸೂಜಿ ಇಳಿಸಬೇಕು. ಅದು ಅವರ ಕಟ್ಟಳೆ. ಹನ್ನೆರಡು ವರ್ಷದ ಹಿಂದೆ ಒಂದೇ ಒಂದು ಸಲ, ಯಾರದೋ ಜೊತೆ ಹರಟುತ್ತ, ಹೂಂಗೆ ಕಾಯದೆ ಅವನು ತುಳಿದಿದ್ದ. ಸೂಜಿ ಬೆರಳಿನ ಮೂಳೆಯನ್ನೇ ತೂರಿ ಹೋಗಿತ್ತು. ಮೂಳೆ ಕೂಡಿತು, ಆದರೆ ಬೆರಳು ಕುಡುಗೋಲಿನ ಹಾಗೆ ಸೊಟ್ಟಗೇ ಉಳಿಯಿತು. ಅವಳು ಬೈದವಳಲ್ಲ. ಜಗಳದಲ್ಲಿ ಸೋಲುವ ಹಾಗಿದ್ದರೆ ಮಾತ್ರ ಆ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದು, "ಇದರ ಬಾಕಿ ಇನ್ನೂ ಇದೆ, ನೆನಪಿರಲಿ," ಅನ್ನುತ್ತಿದ್ದಳು. ಅಲ್ಲಿಗೆ ಜಗಳ ಮುಗಿಯುತ್ತಿತ್ತು. ನಿನ್ನೆ ಅವನು ಹೂಂ ಕೇಳಿಯೇ ತುಳಿದಿದ್ದ. ಆದರೂ ಸೂಜಿ ಅವಳ ಉಗುರನ್ನು ಸವರಿಕೊಂಡು ಹೋಯಿತು. ಅವಳ ಕಣ್ಣು ಮಂಜಾಗುತ್ತಿದೆ ಅನ್ನುವುದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಅವನು ಮೋಟಾರು ನಿಲ್ಲಿಸಿ, "ನಾಳೆಯಿಂದ ನಿನ್ನ ಕೈ ಇಲ್ಲಿ ಬೇಡ," ಎಂದು ಎದ್ದಿದ್ದ. ಅಂಗಡಿಯಲ್ಲಿ ಸಿಗುವ ಕೊಂಬುಗಳೆಲ್ಲ ಅಂಗಿಯ ಬಟ್ಟೆಗೆ ಆಗುವಂಥವು. ಈ ಮಿಷನ್ನಿಗೆ ಬೇಕಾದ್ದನ್ನು ಮಾಡಿದರೆ ಅವನೇ ಮಾಡಬೇಕು.

ಹೆಂಡತಿ ಮುರಿದ ಸೂಜಿಯ ಚೂರನ್ನು ತಡವಿ ತೆಗೆದಳು. "ರೀ, ನಿಮ್ಮ ಕೊಂಬು ಬಿಗಿಯಾಗಿ ಹಿಡಿಯುತ್ತೆ. ಜೋಡು ಬಂದಾಗ ಬೆರಳು ಒಂಚೂರು ಮೇಲೇಳಬೇಕು. ಇಲ್ಲದಿದ್ರೆ ಬಟ್ಟೆ ಮುನಿಸಿಕೊಳ್ಳುತ್ತೆ."

"ಇಷ್ಟು ವರ್ಷ ಹೇಳಲೇ ಇಲ್ಲವಲ್ಲೇ!"

"ನೀವು ಯಾವತ್ತು ಕೇಳಿದ್ರಿ?"

ಅವನು ಅರ ಕೆಳಗಿಟ್ಟು ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದ. ಹನ್ನೆರಡು ವರ್ಷದಿಂದ ನೋಡಲು ಹೆದರುತ್ತಿದ್ದ ಬೆರಳು. ತಾಡಪಾಲಿನ ಮಡಿಕೆ ಸರಿದು ಸರಿದು ಅದರ ಒಳಮೈ ಹೊಳೆಯ ಕಲ್ಲಿನಂತೆ ನುಣುಪಾಗಿತ್ತು. ಬಚ್ಚಲಿನಿಂದ ನೆನೆದು ಮೆತ್ತಗಾದ ಬಟ್ಟೆಸೋಪಿನ ಬಿಲ್ಲೆ ತಂದು, "ಇದರಲ್ಲಿ ಒತ್ತು," ಎಂದ. "ಅಂಚು ಹಿಡಿಯುವಾಗ ಹೇಗೋ ಹಾಗೆ."

"ಅಯ್ಯೋ, ಹೊಸಾ ಸೋಪು!" ಎಂದು ಬೈಯುತ್ತಲೇ ಅವಳು ಒತ್ತಿದಳು.

ಸೋಪಿನಲ್ಲಿ ಮೂಡಿದ ಸೊಟ್ಟ ಗುಂಡಿಗೆ ಸರಿಯಾಗಿ ಅವನು ಉಕ್ಕಿನ ಪಟ್ಟಿಯನ್ನು ಕಾಯಿಸಿ ಬಗ್ಗಿಸಿದ. ಬಗ್ಗಿಸಿ ತಾಳೆ ನೋಡುವುದು, ಸಾಲದೆ ಮತ್ತೆ ಕಾಯಿಸುವುದು. ಅಂಚಿನ ಮುಳ್ಳನ್ನು ಅರದಿಂದ ತೆಗೆದು, ಉಪ್ಪುಕಾಗದದಿಂದ ಉಜ್ಜಿ, ತನ್ನ ಕೆನ್ನೆಗೆ ಒತ್ತಿ ನುಣುಪು ನೋಡಿದ. ಕೊಂಬನ್ನು ಬಿಗಿಯುವ ಸ್ಕ್ರೂವಿನ ಕೆಳಗೆ ಹಳೇ ಟಾರ್ಚಿನ ಸ್ಪ್ರಿಂಗು ಕೂರಿಸಿದ, ಜೋಡು ಬಂದಾಗ ಮೇಲೇಳಲಿ ಅಂತ. ಅಷ್ಟು ಹೊತ್ತಿಗೆ ಬಿಸಿಲು ಜಗಲಿಯಿಂದ ಇಳಿದಿತ್ತು. ಲಾರಿಯವನು ಬೈಯುವುದನ್ನು ಬಿಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ.

"ಬೆರಳಿಗೆ ಬೆರಳು ಕೊಟ್ಟೆ ನೋಡೇ," ಎಂದು ಹೊಲಿಗೆಯವನು ಲಾರಿಯ ತಾಡಪಾಲಿನ ಅಂಚನ್ನು ಹೊಸ ಕೊಂಬಿಗೆ ತೂರಿಸಿದ. "ಬಾಕಿ ಚುಕ್ತಾ."

ಅವಳು ಪಕ್ಕದ ಮಣೆಯ ಮೇಲೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಅವನು ಮೋಟಾರು ಹಾಕಿದ. ಮಿಷನ್ನು ಗುಂಯ್ಗುಟ್ಟಿತು. ಸೂಜಿ ಇಳಿಯಲಿಲ್ಲ.

"ಏನಾಯ್ತಣ್ಣ? ಮತ್ತೆ ಕೆಟ್ಟಿತಾ?"

"ಏನೂ ಆಗಿಲ್ಲ." ಅವನು ಹೆಂಡತಿಯ ಕಡೆ ತಿರುಗಿದ. "ಅನ್ನೇ."

"ಏನನ್ನಲಿ?"

"ಹೂಂ ಅನ್ನು."

"ನನ್ನ ಕೈ ಅಲ್ಲಿಲ್ಲವಲ್ರೀ!"

"ಅದು ನನಗೆ ಗೊತ್ತು. ಈ ಕಾಲಿಗೆ ಗೊತ್ತಾಗ್ತಿಲ್ಲ."

ಲಾರಿಯವನು ಹೋ ಎಂದು ನಕ್ಕ. ಅವಳು ನಗಲಿಲ್ಲ. ಎಷ್ಟೋ ವರ್ಷದ ಮೇಲೆ ಬಿಡುವಾದ ಬೆರಳನ್ನು ಸೆರಗಿನಿಂದ ನಿಧಾನಕ್ಕೆ ಒರೆಸಿಕೊಂಡಳು, ಮೋಡದ ಕಡೆ ನೋಡಿದಳು, ತಲೆಗೂದಲು ಸರಿಮಾಡಿಕೊಂಡಳು. ಅವನ ಕಾಲು ಪೆಡಲಿನ ಮೇಲೆ ಒಂದು ಬೆರಳೆತ್ತರದಲ್ಲಿ ಹಾಗೇ ನಿಂತಿತ್ತು.