ಕುದುರೆಯಲ್ಲಿ ಕಾಲು ಪಾಲು

ಸೋವಿಯತ್ ಒಡೆದ ಮೇಲೆ ನಾರಿನ್ ಕಣಿವೆಯ ಸರ್ಕಾರಿ ಫಾರ್ಮನ್ನು ಊರವರಿಗೆ ಹಂಚಿದ ದಿನ, ಚೀಟಿ ಎತ್ತಿದಾಗ ಬೇಗಾಯಿಮ್‌ಗೆ ಬಂದದ್ದು ಬೀಜದ ಕುದುರೆಯಲ್ಲಿ ಕಾಲು ಪಾಲು. ಕುರಿ ಬಂದಿದ್ದರೆ ಮನೆಗೆ ಹೊಡೆದುಕೊಂಡು ಹೋಗಬಹುದಿತ್ತು. ಉಳಿದ ಪಾಲುಗಳಲ್ಲಿ ಒಂದು ಲಾಯ ನೋಡಿಕೊಳ್ಳುತ್ತಿದ್ದ ಓಮುರ್ಜಾಕ್‌ಗೆ, ಒಂದು ಟ್ರ್ಯಾಕ್ಟರ್ ಓಡಿಸುತ್ತಿದ್ದ ಕಾಲ್ಮುರಾತ್‌ಗೆ, ಇನ್ನೊಂದು ಅವನ ತಮ್ಮನಿಗೆ.

"ನಿಂಗೆ ಯಾವ ಕಾಲು ಬೇಕು ತಂಗಿ, ಮುಂದಿಂದಾ ಹಿಂದಿಂದಾ?" ಲಾಯದ ಮುಂದೆ ನಿಂತಿದ್ದವಳನ್ನು ಕಾಲ್ಮುರಾತ್ ಕಿಚಾಯಿಸಿದ. "ಸೋವಿಯತ್ ಇದ್ದಾಗ ಇದಕ್ಕೆ ಲಾರಿಗಟ್ಟಲೆ ಮೇವು ಬರ್ತಿತ್ತು. ಈಗ ಯಾರು ಹಾಕ್ತಾರೆ? ನಾನೂ ನನ್ನ ತಮ್ಮನೂ ಕಡಿಯೋಣ ಅಂತೀವಿ. ಇನ್ನೊಬ್ಬರು ಹೂಂ ಅಂದ್ರೆ ಆಯ್ತು."

"ಬಾಯಿ ಮುಚ್ಚೋ!" ಎಂದ ಓಮುರ್ಜಾಕ್. ಬೇಗಾಯಿಮ್ ಕಡೆ ತಿರುಗಿದಾಗ ಅವನ ದನಿ ತಗ್ಗಿತು. "ಬೇಸಿಗೆವರೆಗೆ ತಡ್ಕೊಳಮ್ಮ. ಮರಿಗೋಸ್ಕರ ಹೆಣ್ಣು ಕುದುರೆ ಹಿಡ್ಕೊಂಡು ಜನ ಬಂದೇ ಬರ್ತಾರೆ, ದುಡ್ಡು ಕೊಡ್ತಾರೆ. ಈ ಕಣಿವೇಲಿ ಇಂಥ ತಳಿ ಇನ್ನೊಂದಿಲ್ಲ. ನಾಲ್ಕು ಮನೇನೂ ಬದುಕ್ತವೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅವಳ ಗಂಡ ತೀರಿಕೊಂಡು ವರ್ಷವಾಗಿತ್ತು, ಫಾರ್ಮಿನ ಸಂಬಳ ನಿಂತದ್ದು ಅದಕ್ಕೂ ಮೊದಲು. ಮನೆಯ ಹಸುವನ್ನು ಹಿಟ್ಟಿಗಾಗಿ ಮಾರಿಯಾಗಿತ್ತು. ಆ ಬೆಳಿಗ್ಗೆ ಮಕ್ಕಳಿಗೆ ಬರೀ ಚಹಾ ಕುಡಿಸಿ ಬಂದಿದ್ದಳು.

"ಬೇಸಿಗೆವರೆಗೆ ಮಕ್ಕಳಿಗೆ ಏನು ಹಾಕ್ಲಿ, ಅಣ್ಣ?"

ಓಮುರ್ಜಾಕ್ ಲಾಯದ ಕಡೆ ತಿರುಗಿ ನಿಂತ.

"ಹಂಗಾದ್ರೆ ನಂದೂ ಹೂಂ," ಎಂದಳು ಬೇಗಾಯಿಮ್, ನೆಲ ನೋಡುತ್ತಾ.

ಕಾಲ್ಮುರಾತ್ ಹಗ್ಗ ತಂದಾಗ ಓಮುರ್ಜಾಕ್ ಅದನ್ನು ಕಿತ್ತುಕೊಂಡ. "ನೀನು ಮುಟ್ಟಬೇಡ. ನನ್ನ ಕೈಗಾದ್ರೆ ಬೆದರಲ್ಲ." ಕುದುರೆಯ ಕತ್ತಿನ ಕೂದಲನ್ನು ನಿಧಾನವಾಗಿ ಬಾಚಿದ. ಕಾಲು ಕಟ್ಟಿ ಮಲಗಿಸಿ, ದೇವರ ಹೆಸರು ಹೇಳಿ, ತಾನೇ ಕತ್ತಿ ಹಿಡಿದ. ಮಾಂಸ ಹಂಚುವಾಗ ತನ್ನ ಪಾಲು ಬೇಡವೆನ್ನಲಿಲ್ಲ. ಅವನ ಮನೆಯಲ್ಲೂ ಉಣ್ಣುವ ಬಾಯಿಗಳಿದ್ದವು.

ಸಾರು ಕುದಿಯುವವರೆಗೂ ಬೇಗಾಯಿಮ್‌ಳ ಮಕ್ಕಳು ಒಲೆಯ ಮುಂದಿನಿಂದ ಏಳಲಿಲ್ಲ. ಅವರು ಉಂಡ ಮೇಲೆ ಅವಳೂ ಉಂಡಳು. ಆ ಚಳಿಗಾಲ ಮೂರು ಮಕ್ಕಳೂ ಉಳಿದುಕೊಂಡರು.

ಹಿಮ ಕರಗಿ ದಾರಿ ತೆರೆದಾಗ, ಗುರುತಿಲ್ಲದವನೊಬ್ಬ ಹೆಣ್ಣು ಕುದುರೆಯೊಂದನ್ನು ನಡೆಸಿಕೊಂಡು ಅವಳ ಬಾಗಿಲಿಗೆ ಬಂದ. ಅವನಿಗೆ ಮೊಣಕಾಲಿನವರೆಗೂ ಕೆಸರು ಮೆತ್ತಿತ್ತು.

"ಅಕ್ಕ, ಬೀಜದ ಕುದುರೆಯ ಲಾಯ ಯಾವ ಕಡೆ? ಬೆಟ್ಟ ದಾಟಿ ಬಂದಿದೀನಿ."

ಬೇಗಾಯಿಮ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅದು ಇಲ್ಲಣ್ಣ. ನಾವು ತಿಂದ್ಬಿಟ್ವಿ."

ಬೈಯುತ್ತಾನೆ ಎಂದುಕೊಂಡಳು. ಅವನು ಬೈಯಲಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಂಡು ಕುದುರೆಯನ್ನು ಬಂದ ದಾರಿಗೆ ತಿರುಗಿಸಿದ.

"ನಮ್ಮೂರಿನ ಕುದುರೇನ ನಾವೂ ತಿಂದ್ವಿ, ಅಕ್ಕ. ಅದಕ್ಕೇ ಇಷ್ಟು ದೂರ ಬಂದೆ."