ಹಲ್ಲೆಗೆ ಇನ್ನೊಂದು ಪದ

ಏಜೆನ್ಸಿ ಕಳಿಸಿದ ಇಂಗ್ಲಿಷ್ ಸುದ್ದಿಯಲ್ಲಿ 'ಅಸಾಲ್ಟ್' ಎಂದಿತ್ತು. ಟೋಲ್‌ಗೇಟಿನ ನೌಕರನೊಬ್ಬನಿಗೆ ಕಾರಿನಿಂದ ಇಳಿದವನು ರಾಡಿನಿಂದ ಬಾರಿಸಿದ್ದ. ಉಪಸಂಪಾದಕಿ ಅದನ್ನು 'ಹಲ್ಲೆ' ಎಂದು ಕನ್ನಡಕ್ಕೆ ತಂದಳು. ಸುದ್ದಿ ಸಂಪಾದಕರು ಕುರ್ಚಿ ಎಳೆದುಕೊಂಡು ಬಂದು ಅವಳ ಪಕ್ಕದಲ್ಲೇ ಕೂತರು.

"ಹಲ್ಲೆ ಯಾಕಮ್ಮ? ಗಲಾಟೆ ಅಂತ ಹಾಕು."

"ಗಲಾಟೆ ಮಕ್ಕಳು ಮಾಡೋದು ಸರ್. ಇಲ್ಲಿ ಒಬ್ಬನ ತಲೆ ಒಡೆದಿದೆ."

"ಹೋಗಲಿ, ತಳ್ಳಾಟ ಅನ್ನು."

"ಯಾರ ಫೋನ್ ಬಂತು ಸರ್? ಎಮ್ಮೆಲ್ಲೆದಾ, ಜಾಹೀರಾತು ಕೊಡೋರದಾ?"

"ಯಾರದೂ ಇಲ್ಲ."

"ಹಾಗಾದ್ರೆ ಹಲ್ಲೆನೇ ಇರಲಿ. ಅವನ ಹೆಂಡತಿ ಆಸ್ಪತ್ರೆಯಲ್ಲಿ ಕೂತು ನಾಳೆ ನಮ್ಮ ಪೇಪರ್ ಓದ್ತಾಳೆ. ಅವಳಿಗೂ ಸುಳ್ಳು ಹೇಳೋದಾ?"

ಅವಳು ಪಟ್ಟು ಸಡಿಲಿಸುವ ಹಾಗೆ ಕಾಣಲಿಲ್ಲ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಹೊಡೆದವನ ಹೆಸರು ಈಗ ಬಂತು. ನಿನ್ನ ತಮ್ಮನೇ ಕಣಮ್ಮ. ನಿನಗೆ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ. ಇನ್ನು ನಿನಗೆ ಸರಿ ಕಂಡದ್ದು ಬರಿ."

ಅವರು ಎದ್ದು ತಮ್ಮ ಮೇಜಿಗೆ ಹೋದರು.

ಅವಳು ಹಲ್ಲೆಯನ್ನು ಅಳಿಸಿದಳು. ತಳ್ಳಾಟವನ್ನೂ ಹಾಕಲಿಲ್ಲ. ಟೋಲ್‌ಗೇಟಿನ ನೌಕರ ಕಾಲು ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಎಂದು ಬರೆದಳು.