ಶೀಸೆಯಲ್ಲಿ ಬಂದ ರಾಯಚೂರು ಬಿಸಿಲು

ಫಿನ್ಲೆಂಡಿನಲ್ಲಿ ಅಂದು ಮೈನಸ್ ಇಪ್ಪತ್ತೆಂಟು. ನೀಲಗಂಗಾಳ ಅವ್ವ ರಾಯಚೂರಿನ ಮಾಳಿಗೆಯ ಮೇಲೆ, ಒಣಹಾಕಿದ ಹಪ್ಪಳದ ಪಕ್ಕದಲ್ಲೇ ಬಿಸಿಲು ಹಿಡಿದು ಶೀಸೆಗಳಿಗೆ ತುಂಬಿ ಕಳಿಸಿದ್ದಳು. ಆ ದೂರದೇಶದ ಚಳಿಗಾಲಕ್ಕೆ ಮಗಳಿಗಿದ್ದ ಆಸರೆ ಅಷ್ಟೇ. ಅವಳ ಜೊತೆ ರೂಮಿನಲ್ಲಿದ್ದ ಮೈಸೂರಿನ ಚಿತ್ಕಲಾ ದಿನಾ ಒಂದೊಂದು ಶೀಸೆ ಕದ್ದು ಖಾಲಿ ಮಾಡುತ್ತಿದ್ದಳು. ಕೇಳಿದರೆ, "ಥೂ, ನಿಮ್ಮೂರ್ ಬಿಸ್ಲು ಯಾರಿಗ್ ಬೇಕೇ?" ಎಂದು ಮೂಗು ಮುರಿಯುತ್ತಿದ್ದಳು.

ಕೊನೆಗೆ ಉಳಿದದ್ದು ಎರಡು. ಒಂದು ಎಳೆಬಿಸಿಲು, ಇನ್ನೊಂದು ಮೇ ತಿಂಗಳ ನಡುಮಧ್ಯಾಹ್ನ. ಮಧ್ಯಾಹ್ನದ್ದನ್ನು ಊರಲ್ಲಿ ಮುಚ್ಚಳಕ್ಕೆ ಸೂಜಿ ಚುಚ್ಚಿ ಚೂರುಚೂರೇ ಹೊರಬಿಡುತ್ತಾರೆ. ನೀಲಗಂಗಾ ಅದರ ಮೇಲೆ 'ಎಳೆಬಿಸಿಲು' ಎಂಬ ಚೀಟಿ ಅಂಟಿಸಿಟ್ಟು, ಅಡುಗೆಮನೆಯಲ್ಲಿ ಕಾದು ಕೂತಳು.

ಐದೇ ನಿಮಿಷಕ್ಕೆ ಚೀರಾಟ. ಪೂರ್ತಿ ಮುಚ್ಚಳ ತೆಗೆದಿದ್ದ ಚಿತ್ಕಲಾ ಕೋಟು, ಸ್ವೆಟರು, ಸಾಕ್ಸು ಕಿತ್ತೆಸೆದು ಬರಿಗಾಲಲ್ಲಿ ಹಿಮಕ್ಕೆ ಓಡಿದಳು. ತೆರೆದ ಬಾಗಿಲಿನಿಂದ ಬಿಸಿಲೂ ಹೊರಗೆ ಹಾರಿಹೋಯಿತು. ನೀಲಗಂಗಾ ಹಿಂದೆಯೇ ಚಿಲಕ ಹಾಕಿದಳು.

"ಬಾಗ್ಲು ತೆಗಿಯೇ! ಸತ್ಹೋಗ್ತೀನಿ!"

"ಕದ್ದೀನಿ ಅನ್ನು."

"ಕದ್ದೆ ಕಣೇ! ಎಲ್ಲಾ ನಾನೇ ಕದ್ದೆ!"

"ಇಂಗ್ಲಿಷಿನ್ಯಾಗ ಹೇಳವಾ, ಬಾಜೂ ಮನಿಯವ್ರಿಗೂ ತಿಳೀಲಿ."

ಚಿತ್ಕಲಾ ಹಲ್ಲು ಕಟಕಟಿಸುತ್ತ ಇಂಗ್ಲಿಷಿನಲ್ಲೂ ಕೂಗಿದಳು. ಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆದವು. ನೀಲಗಂಗಾ ಕುರ್ಚಿ ಎಳೆದುಕೊಂಡು, ನಿಜವಾದ ಎಳೆಬಿಸಿಲಿನ ಶೀಸೆಯನ್ನು ಮಡಿಲಲ್ಲಿಟ್ಟು ತೆರೆದಳು.

"ತಡೀ, ಇದು ಮುಗಿಯೂತನಕ ಮೈ ಕಾಸ್ಕೋತೀನಿ. ಆಮ್ಯಾಲೆ ನೋಡೂಣು."